ದಲ್ಲಾಳಿ ಯಾರ ಕಡೆಯವರು?

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರ ಕಿವಿಗೆ ಮೊದಲ ವಾರದಲ್ಲೇ ಬೀಳುವ ಮಾತೊಂದಿದೆ: "ನಾನು ನಿಮ್ಮ ಕಡೆಯವನು ಮೇಡಂ, ರೇಟ್ ವಿಚಾರ ನನಗೆ ಬಿಡಿ." ಹಾಗೆನ್ನುವವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಆದರೆ ಅದೇ ದಿನ ಸಂಜೆ ಮಾರುವವರ ಮನೆಯ ಜಗಲಿಯಲ್ಲಿ ಕುಳಿತು ಅವರಿಗೂ ಇದೇ ಮಾತನ್ನು ಇಷ್ಟೇ ಪ್ರೀತಿಯಿಂದ ಹೇಳಿರುತ್ತಾರೆ ಎಂಬುದು ನೆನಪಿರಬೇಕು. ನಮ್ಮ ಊರಿನ ಪದ್ಧತಿಯಲ್ಲಿ ಹಳೆಯ ಮನೆ ಅಥವಾ ಸೈಟಿನ ವ್ಯವಹಾರಕ್ಕೆ ಬಹುಪಾಲು ಒಬ್ಬರೇ ದಲ್ಲಾಳಿ. ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ಅವರಿಗೇ ಸಲ್ಲುತ್ತದೆ. ಹೀಗಿರುವಾಗ ಅವರು ನಿಜವಾಗಿ ಇರುವುದು ನಮ್ಮ ಕಡೆಯೂ ಅಲ್ಲ, ಅವರ ಕಡೆಯೂ ಅಲ್ಲ, ವ್ಯವಹಾರ ಮುಗಿಯುವ ಕಡೆ. ಕಳೆದ ವರ್ಷ ನಾನೂ ನನ್ನ ಪತಿಯೂ ಬೆಂಗಳೂರಿನ ಉತ್ತರ ಭಾಗದಲ್ಲಿ ಒಂದು ಹಳೆಯ ಮನೆ ಕೊಂಡಾಗ ಈ ಸಂಬಂಧವನ್ನು ಹತ್ತಿರದಿಂದ ಗಮನಿಸುವ ಅವಕಾಶ ಸಿಕ್ಕಿತು. ಮನೆ ಹುಡುಕುತ್ತಿರುವ ಸ್ನೇಹಿತರು ಪದೇ ಪದೇ ಕೇಳುತ್ತಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನೇ ನೋಡೋಣ, ಏಕೆಂದರೆ ಯಾರು ಯಾರ ಕಡೆ ಎಂಬುದು ಮಾತಿಗಿಂತ ಲೆಕ್ಕದಲ್ಲೇ ಚೆನ್ನಾಗಿ ತಿಳಿಯುತ್ತದೆ. ಬೆಂಗಳೂರಿನ ಬಹಳಷ್ಟು ಬಡಾವಣೆಗಳಲ್ಲಿ ಮನೆ ಮಾರಾಟಕ್ಕೆ ದಲ್ಲಾಳಿಗಳು ಕೇಳುವುದು ಒಂದೊಂದು ಕಡೆಯಿಂದ ಶೇಕಡಾ ಎರಡು. ಚೌಕಾಸಿ ಮಾಡಿದರೆ ಒಂದು ಅಥವಾ ಒಂದೂವರೆಗೆ ಇಳಿಯುತ್ತಾರೆ. ಎಂಬತ್ತು ಲಕ್ಷದ ಮನೆಯೆಂದಿಟ್ಟುಕೊಳ್ಳಿ. ಎರಡು ಕಡೆಯಿಂದಲೂ ಶೇಕಡಾ ಎರಡರಂತೆ ಅವರಿಗೆ ಬರುವುದು ಮೂರು ಲಕ್ಷ ಇಪ್ಪತ್ತು ಸಾವಿರ. ಈಗ ನಿಮ್ಮ ಪರವಾಗಿ ಹೋರಾಡಿ ಮನೆಯ ಬೆಲೆಯನ್ನು ಐದು ಲಕ್ಷ ಇಳಿಸಿದರೆ ಅವರಿಗೆ ಆಗುವ ನಷ್ಟ ಇಪ್ಪತ್ತು ಸಾವಿರ. ಐದು ಲಕ್ಷ ಏರಿಸಿದರೆ ಆಗುವ ಲಾಭವೂ ಅಷ್ಟೇ. ಆದರೆ ಎಳೆದಾಟದಲ್ಲಿ ವ್ಯವಹಾರವೇ ಮುರಿದುಬಿದ್ದರೆ ಹೋಗುವುದು ಮೂರು ಲಕ್ಷ ಇಪ್ಪತ್ತು ಸಾವಿರ ಪೂರ್ತಿ. ಆದ್ದರಿಂದ ದಲ್ಲಾಳಿ ಮಾರುವವರ ಜೊತೆ ಸೇರಿಕೊಂಡು ಬೆಲೆ ಏರಿಸುತ್ತಾರೆ ಎಂಬ ಸಾಮಾನ್ಯ ದೂರು ಅಷ್ಟು ಸರಿಯಲ್ಲ. ಬೆಲೆ ಸ್ವಲ್ಪ ಆಚೀಚೆಯಾದರೂ ಅವರ ಬದುಕಿಗೆ ಅಂತಹ ವ್ಯತ್ಯಾಸವೇನೂ ಆಗುವುದಿಲ್ಲ. ಬೇಗ ಮುಗಿಯಬೇಕು, ಅಷ್ಟೇ. ಯಾರು ಬೇಗ ಬಗ್ಗುತ್ತಾರೋ ಅವರನ್ನು ಬಗ್ಗಿಸುತ್ತಾರೆ. ಮಾರುವವರಿಗೆ ಮಗಳ ಮದುವೆಯ ಆತುರವಿದ್ದರೆ ಅವರನ್ನು, ನಮಗೆ ಬಾಡಿಗೆ ಮನೆ ಖಾಲಿ ಮಾಡುವ ಒತ್ತಡವಿದ್ದರೆ ನಮ್ಮನ್ನು.

ಇದಿಷ್ಟು ನೇರವಾದ ದಲ್ಲಾಳಿಯ ಮಾತಾಯಿತು. ಆದರೆ ದಲ್ಲಾಳಿ ಎಂದು ಪರಿಚಯಿಸಿಕೊಂಡು ಬರುವವರೆಲ್ಲರೂ ನಿಜಕ್ಕೂ ದಲ್ಲಾಳಿಗಳಾಗಿರುವುದಿಲ್ಲ. ಕೊಳ್ಳುವವರು ಎಡವುವುದು ಬಹುಮಟ್ಟಿಗೆ ಅಲ್ಲೇ.

ನಮಗೆ ತೋರಿಸಿದ ಮನೆಗಳಲ್ಲಿ ಒಂದು ವಿದ್ಯಾರಣ್ಯಪುರದಲ್ಲಿತ್ತು. ಒಬ್ಬರು ಅದಕ್ಕೆ ಒಂದು ಕೋಟಿ ಹತ್ತು ಲಕ್ಷ ಎಂದರು. ಕೆಲವು ದಿನಗಳ ನಂತರ ಬೇರೊಬ್ಬರು ಬೇರೆ ದಾರಿಯಿಂದ ಕರೆದುಕೊಂಡು ಹೋಗಿ ಅದೇ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಒಂದು ಕೋಟಿ ಎರಡು ಲಕ್ಷ ಎಂದರು. ಮನೆ ಒಂದೇ, ಮಾಲೀಕರೂ ಒಬ್ಬರೇ. ನಡುವೆ ಇದ್ದವರ ಸಂಖ್ಯೆ ಮಾತ್ರ ಬೇರೆ. ಮಾಲೀಕರ ಪರಿಚಯವಿರುವ ಒಬ್ಬ ದಲ್ಲಾಳಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮನೆಯ ವಿವರ ಹಾಕುತ್ತಾರೆ, ಅದನ್ನು ಮತ್ತೊಬ್ಬರು ತಮ್ಮ ಗುಂಪಿಗೆ ಕಳಿಸುತ್ತಾರೆ, ಅಲ್ಲಿಂದ ಇನ್ನೊಬ್ಬರಿಗೆ. ಎಲ್ಲರೂ "ಡೈರೆಕ್ಟ್ ಪಾರ್ಟಿ" ಎಂದೇ ಹೇಳುತ್ತಾರೆ. ಕಮಿಷನ್ ಹಂಚಿಕೊಂಡರೆ ಚಿಂತೆಯಿಲ್ಲ. ಕೆಲವರು ತಮ್ಮ ಪಾಲನ್ನು ಬೆಲೆಯಲ್ಲೇ ಸೇರಿಸಿಬಿಡುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ಸರಳ ಪ್ರಶ್ನೆ ಸಾಕು: "ಮನೆಯ ಬೀಗದ ಕೈ ಯಾರ ಹತ್ತಿರ ಇದೆ?" ಮಾಲೀಕರ ಹತ್ತಿರವೋ ತಮ್ಮ ಹತ್ತಿರವೋ ಎಂಬುದಕ್ಕೆ ತಕ್ಷಣ ಉತ್ತರ ಬಂದರೆ ಸರಿ. "ಒಂದು ನಿಮಿಷ, ಫೋನ್ ಮಾಡಿ ಹೇಳುತ್ತೇನೆ" ಎಂದರೆ ಸರಪಳಿಯಲ್ಲಿ ಇನ್ನೂ ಕೊಂಡಿಗಳಿವೆ.

ಇದಕ್ಕಿಂತ ಗಂಭೀರವಾದುದು ನೆಟ್ ರೇಟಿನ ಒಪ್ಪಂದ. ಮಾಲೀಕರು ದಲ್ಲಾಳಿಗೆ, "ನನ್ನ ಕೈಗೆ ಎಪ್ಪತ್ತೈದು ಬರಬೇಕು, ಅದರ ಮೇಲೆ ಬಂದದ್ದು ನಿಮ್ಮದು" ಎಂದು ಹೇಳಿಬಿಟ್ಟಿರುತ್ತಾರೆ. ವಯಸ್ಸಾದ ಮಾಲೀಕರಿಗೆ, ಹೊರದೇಶದಲ್ಲಿರುವವರಿಗೆ ಇದು ಅನುಕೂಲ, ಓಡಾಟವಿಲ್ಲ, ಚೌಕಾಸಿಯಿಲ್ಲ. ಆದರೆ ಕೊಳ್ಳುವವರ ದೃಷ್ಟಿಯಿಂದ ನೋಡಿದರೆ ಚಿತ್ರ ಪೂರ್ತಿ ತಿರುಗುತ್ತದೆ. ಈಗ ಬೆಲೆಯ ಮೇಲಿನ ಪ್ರತಿಯೊಂದು ರೂಪಾಯಿಯೂ ದಲ್ಲಾಳಿಯ ಜೇಬಿಗೆ ಹೋಗುತ್ತದೆ. ಹಿಂದೆ ಹೇಳಿದ ಲೆಕ್ಕದಲ್ಲಿ ಐದು ಲಕ್ಷ ಇಳಿಸಿದರೆ ಇಪ್ಪತ್ತು ಸಾವಿರ ನಷ್ಟವಾಗುತ್ತಿತ್ತಲ್ಲ, ಇಲ್ಲಿ ಐದು ಲಕ್ಷವೇ ನಷ್ಟ. ಹೀಗಿದ್ದೂ "ನಾನು ನಿಮ್ಮ ಕಡೆ" ಎಂದು ಹೇಳಿ ನಮ್ಮಿಂದ ಶೇಕಡಾ ಎರಡನ್ನೂ ಕೇಳುವವರಿದ್ದಾರೆ. ನೆಟ್ ರೇಟ್ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡವಳಿಕೆಯಿಂದ ತಿಳಿಯಬೇಕು. ನಾವು ನೋಡಿದ ಒಂದು ಮನೆಯಲ್ಲಿ ಮಾಲೀಕರಾದ ಹಿರಿಯರು ಕಾಫಿ ಕೊಟ್ಟು, ತಾವು ನೆಟ್ಟ ಮಾವಿನ ಮರದ ವಿಷಯ, ಬೋರ್‌ವೆಲ್ ಕೊರೆಸಿದ ವಿಷಯವನ್ನೆಲ್ಲ ಸಂತೋಷದಿಂದ ಹೇಳುತ್ತಿದ್ದರು. ಮಾತು ಬೆಲೆಯ ಹತ್ತಿರ ಬಂದೊಡನೆ ದಲ್ಲಾಳಿ ಎದ್ದು ನಿಂತು, "ಸಾರ್, ಮಹಡಿ ನೋಡೋಣ ಬನ್ನಿ, ಕತ್ತಲಾಗುತ್ತೆ" ಎಂದು ನನ್ನ ಪತಿಯ ತೋಳು ಹಿಡಿದರು. ಆಗ ಮಧ್ಯಾಹ್ನ ನಾಲ್ಕು ಗಂಟೆ. ಹೊರಗೆ ಬಂದ ಮೇಲೆ ಮೆಲುದನಿಯಲ್ಲಿ, "ಓನರ್ ಹತ್ತಿರ ನೇರವಾಗಿ ರೇಟ್ ಮಾತಾಡಬೇಡಿ ಸಾರ್, ಅವರು ಬೇಜಾರು ಮಾಡಿಕೊಳ್ಳುತ್ತಾರೆ" ಎಂದು ಬುದ್ಧಿ ಹೇಳಿದರು. ತಮ್ಮ ಆಸ್ತಿಯ ಬೆಲೆಯನ್ನು ಕೇಳಿದರೆ ಬೇಜಾರಾಗುವ ಮಾಲೀಕರನ್ನು ನಾನಂತೂ ಕಂಡಿಲ್ಲ. (ಪ್ರಶ್ನೆ ಕೇಳುತ್ತಿದ್ದುದು ನಾನು, ಉತ್ತರ ಹೋಗುತ್ತಿದ್ದುದು ನನ್ನ ಪತಿಗೆ ಎಂಬುದನ್ನೂ ಇಲ್ಲೇ ದಾಖಲಿಸುತ್ತೇನೆ. ಸಾಲದ ಅರ್ಧ ಕಂತು ನನ್ನ ಸಂಬಳದಿಂದ ಹೋಗುತ್ತದೆ ಎಂಬುದು ಯಾವ ದಲ್ಲಾಳಿಯ ಕಣ್ಣಿಗೂ ಬೀಳಲಿಲ್ಲ.)

ನೆಟ್ ರೇಟಿನ ಮುಂದಿನ ಮೆಟ್ಟಿಲು ಅಗ್ರಿಮೆಂಟ್ ಹೋಲ್ಡರ್. ಇಲ್ಲಿ ದಲ್ಲಾಳಿ ಮಾಲೀಕರಿಗೆ ಸ್ವಲ್ಪ ಮುಂಗಡ ಕೊಟ್ಟು, ಕೆಲವು ತಿಂಗಳ ಅವಧಿಯ ಕ್ರಯದ ಕರಾರು ಪತ್ರವನ್ನು ತಮ್ಮ ಹೆಸರಿಗೇ ಬರೆಸಿಕೊಂಡಿರುತ್ತಾರೆ. ಆ ಅವಧಿಯೊಳಗೆ ಹೆಚ್ಚಿನ ಬೆಲೆಗೆ ಮತ್ತೊಬ್ಬರನ್ನು ಹುಡುಕಿ, ಮಾಲೀಕರಿಂದಲೇ ನೇರವಾಗಿ ಕ್ರಯಪತ್ರ ಮಾಡಿಸಿ, ತಾವು ಅದಕ್ಕೆ ಒಪ್ಪಿಗೆಯ ಸಹಿ ಹಾಕಿ ಹೊರಬರುತ್ತಾರೆ. ಇದರಲ್ಲಿ ತಾನಾಗಿ ತಪ್ಪೇನೂ ಇಲ್ಲ, ಅವರೂ ಹಣ ಹೂಡಿ ಅಪಾಯ ತೆಗೆದುಕೊಂಡಿದ್ದಾರೆ. ಆದರೆ ಆಗ ಅವರು ದಲ್ಲಾಳಿಯಲ್ಲ, ಮಾರುವವರೇ. ಮಾರುವವರಿಗೆ ಕಮಿಷನ್ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಅವರು ಬರೆದುಕೊಟ್ಟ ಅಧಿಕಾರ ಪತ್ರ, ಹಿಡಿದು ಬರುವವರ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಕೇವಲ ಜಿಪಿಎ, ಕರಾರು ಪತ್ರ, ಉಯಿಲುಗಳ ಮೂಲಕ ನಡೆಯುವ ಮಾರಾಟದಿಂದ ಸ್ಥಿರಾಸ್ತಿಯ ಒಡೆತನ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಸ್ಪಷ್ಟಪಡಿಸಿದೆ. ಮಾಲೀಕರ ಪರವಾಗಿ ಸಹಿ ಹಾಕಲು ನಿಜವಾದ ಜಿಪಿಎ ಇರಬಹುದು. ಆದರೆ ಅದನ್ನು ಕೊಟ್ಟವರು ಈಗಲೂ ಬದುಕಿದ್ದಾರೆಯೇ, ಅದನ್ನು ರದ್ದುಮಾಡಿಲ್ಲವೇ ಎಂಬುದನ್ನು ಅವರೊಂದಿಗೇ ಮಾತಾಡಿ ತಿಳಿಯದೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು.

ಹೊಸ ಅಪಾರ್ಟ್‌ಮೆಂಟುಗಳ ಲೋಕದಲ್ಲಿ ದಲ್ಲಾಳಿಗೆ ಚಾನೆಲ್ ಪಾರ್ಟ್‌ನರ್ ಎಂದು ಹೆಸರು. "ನಿಮ್ಮಿಂದ ಒಂದು ರೂಪಾಯಿಯೂ ಬೇಡ" ಎಂಬುದು ಅವರ ಮೊದಲ ಮಾತು, ಅದು ನಿಜವೂ ಹೌದು. ಕಮಿಷನ್ ಕೊಡುವುದು ಬಿಲ್ಡರ್. ಅಂದಮೇಲೆ ಅವರ ಯಜಮಾನರು ಯಾರು ಎಂಬುದರಲ್ಲಿ ಗೊಂದಲವೇ ಇರಬಾರದು. ಹೆಚ್ಚು ಕಮಿಷನ್ ಕೊಡುವ ಯೋಜನೆಯನ್ನೇ ಅವರು ಮೊದಲು ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ. ಇಲ್ಲಿ ತಿಳಿದಿರಬೇಕಾದ ಸೂಕ್ಷ್ಮವೊಂದಿದೆ. ಸೈಟ್ ವಿಸಿಟ್‌ಗೆ ಹೋಗುವ ಮೊದಲೇ ಅವರು ನಿಮ್ಮ ಮೊಬೈಲ್ ಸಂಖ್ಯೆಯನ್ನು ತಮ್ಮ ಹೆಸರಿನಲ್ಲಿ ಬಿಲ್ಡರ್ ಬಳಿ ನೋಂದಾಯಿಸುತ್ತಾರೆ. ಒಮ್ಮೆ ನೋಂದಾಯಿಸಿದ ಮೇಲೆ ನಿಗದಿತ ಅವಧಿಯವರೆಗೆ ನೀವು ಅವರ ಗಿರಾಕಿ. ನೀವಾಗಿಯೇ ಮಾರಾಟ ಕಚೇರಿಗೆ ಹೋಗಿ ನೇರವಾಗಿ ರಿಯಾಯಿತಿ ಕೇಳಿದರೂ "ನಿಮ್ಮ ಹೆಸರು ಇಂಥವರ ಮೂಲಕ ಬಂದಿದೆ" ಎಂಬ ಉತ್ತರ ಸಿಗುತ್ತದೆ. ಜಾಹೀರಾತು ನೋಡಿ ಜಾಲತಾಣದಲ್ಲಿ ಸಂಖ್ಯೆ ತುಂಬಿಸಿದರೂ ಆಗುವುದು ಬಹುಪಾಲು ಇದೇ. ಆದ್ದರಿಂದ ಯಾವ ಯೋಜನೆಯ ಬಗ್ಗೆ ನೀವೇ ವಿಚಾರಿಸಿಕೊಳ್ಳಬಲ್ಲಿರೋ ಅದಕ್ಕೆ ಯಾರಿಗೂ ಸಂಖ್ಯೆ ಕೊಡುವ ಮೊದಲೇ ನೇರವಾಗಿ ಹೋಗಿಬನ್ನಿ.

ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆನ್ಸಿಯ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಓದಿದರೆ ನಮ್ಮ ಬೀದಿಯ ದಲ್ಲಾಳಿಗೂ ಅದಕ್ಕೂ ಎಷ್ಟು ದೂರ ಎನಿಸುತ್ತದೆ. ಏಜೆಂಟ್ ತನ್ನನ್ನು ನೇಮಿಸಿದವರ ಸೂಚನೆಯಂತೆ ನಡೆಯಬೇಕು, ಕಷ್ಟದ ಸಂದರ್ಭದಲ್ಲಿ ಅವರನ್ನು ಸಂಪರ್ಕಿಸಬೇಕು, ಲೆಕ್ಕ ಒಪ್ಪಿಸಬೇಕು. 215 ಮತ್ತು 216ನೇ ಕಲಮುಗಳು ಇನ್ನೂ ಮುಖ್ಯ: ಏಜೆಂಟ್ ನೇಮಿಸಿದವರಿಗೆ ತಿಳಿಸದೆ ತನ್ನ ಸ್ವಂತ ಲಾಭಕ್ಕಾಗಿ ಆ ವ್ಯವಹಾರದಲ್ಲಿ ತೊಡಗಿದರೆ, ಅದರಿಂದ ಬಂದ ಲಾಭವನ್ನು ಕೇಳುವ ಹಕ್ಕು ನೇಮಿಸಿದವರಿಗಿದೆ, ಕೆಲವು ಸಂದರ್ಭಗಳಲ್ಲಿ ವ್ಯವಹಾರವನ್ನೇ ನಿರಾಕರಿಸಬಹುದು. 220ನೇ ಕಲಮಿನ ಪ್ರಕಾರ, ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟ್ ಆ ಭಾಗದ ಕೆಲಸಕ್ಕೆ ಸಂಭಾವನೆಗೆ ಅರ್ಹನಲ್ಲ. ಓದಲು ಬಹಳ ಚೆನ್ನಾಗಿದೆ. ಆದರೆ ಇದೆಲ್ಲ ಅನ್ವಯವಾಗಬೇಕಾದರೆ ಅವರು ನಿಮ್ಮ ಏಜೆಂಟ್ ಎಂಬುದು ಮೊದಲು ಸ್ಥಾಪಿತವಾಗಬೇಕಲ್ಲವೇ? ಬಾಯಿಮಾತಿನಲ್ಲಿ ಶುರುವಾಗಿ ನಗದಿನಲ್ಲಿ ಮುಗಿಯುವ ಸಂಬಂಧದಲ್ಲಿ ಅದನ್ನು ಸಾಬೀತುಪಡಿಸುವುದು ಸುಲಭವಲ್ಲ.

2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಈ ಕ್ಷೇತ್ರಕ್ಕೆ ಸ್ವಲ್ಪ ಶಿಸ್ತು ತಂದಿತು. ನೋಂದಾಯಿತ ಯೋಜನೆಯ ಫ್ಲ್ಯಾಟ್ ಅಥವಾ ನಿವೇಶನ ಮಾರಿಸುವ ಏಜೆಂಟ್ ತಾನೂ ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿಯಾಗದ ಯೋಜನೆಯ ಮಾರಾಟಕ್ಕೆ ನೆರವಾಗಬಾರದು, ಲೆಕ್ಕಪತ್ರ ಇಡಬೇಕು, ಸುಳ್ಳು ಭರವಸೆ ಕೊಡಬಾರದು, ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಲ್ಲಬೇಕಾದ ಮಾಹಿತಿ ಮತ್ತು ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ ಐದರವರೆಗೆ ದಂಡ ಬೀಳಬಹುದು. ಕೊಂಡವರು ಬಿಲ್ಡರ್ ವಿರುದ್ಧ ಮಾತ್ರವಲ್ಲ, ಏಜೆಂಟ್ ವಿರುದ್ಧವೂ ರೇರಾಕ್ಕೆ ದೂರು ಕೊಡಬಹುದು. ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ಹೆಸರಿನಂತೆ ಏಜೆಂಟರ ಹೆಸರನ್ನೂ ಹುಡುಕಬಹುದು; ವಿಸಿಟಿಂಗ್ ಕಾರ್ಡಿನ ಮೇಲೆ ಸಂಖ್ಯೆ ಇದ್ದ ಮಾತ್ರಕ್ಕೆ ನಂಬದೆ ಅಲ್ಲಿ ಒಮ್ಮೆ ನೋಡುವುದು ಒಳ್ಳೆಯದು. ಆದರೆ ಬಡಾವಣೆಯ ಹಳೆಯ ಮನೆ, ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವ ಒಂಟಿ ಸೈಟು, ರೇರಾ ಬರುವ ಮೊದಲೇ ಮುಗಿದುಹೋದ ಅಪಾರ್ಟ್‌ಮೆಂಟಿನ ಫ್ಲ್ಯಾಟು ಇವೆಲ್ಲ ಈ ವ್ಯವಸ್ಥೆಯ ಹೊರಗೇ ಉಳಿದಿವೆ. ಆ ದಲ್ಲಾಳಿಗೆ ಪರವಾನಗಿಯೂ ಇಲ್ಲ, ಪರೀಕ್ಷೆಯೂ ಇಲ್ಲ, ದೂರು ಕೇಳುವ ಪ್ರತ್ಯೇಕ ಪ್ರಾಧಿಕಾರವೂ ಇಲ್ಲ. ಬೆಂಗಳೂರಿನ ಮಧ್ಯಮ ವರ್ಗದವರಲ್ಲಿ ಎಷ್ಟೋ ಜನ ಕೊಳ್ಳುವುದು ಇಂತಹ ಆಸ್ತಿಯನ್ನೇ.

ಹೋಲಿಸಿ ನೋಡಲು ನನಗೆ ಮನೆಯಲ್ಲೇ ಒಂದು ಉದಾಹರಣೆ ಸಿಕ್ಕಿತು. ನನ್ನ ತಂಗಿಯ ಕುಟುಂಬ ಅಮೆರಿಕದ ಟೆಕ್ಸಾಸ್‌ನಲ್ಲಿದೆ. ನಾವು ಇಲ್ಲಿ ಹುಡುಕುತ್ತಿದ್ದಾಗಲೇ ಅವರೂ ಅಲ್ಲಿ ಮನೆ ಹುಡುಕುತ್ತಿದ್ದರು. ಅಲ್ಲಿ ಮಾರುವವರಿಗೆ ಒಬ್ಬ ಏಜೆಂಟ್, ಕೊಳ್ಳುವವರಿಗೆ ಮತ್ತೊಬ್ಬ ಏಜೆಂಟ್ ಇರುವುದು ವಾಡಿಕೆ. ಟೆಕ್ಸಾಸ್‌ನ ರಿಯಲ್ ಎಸ್ಟೇಟ್ ಆಯೋಗ ಸಿದ್ಧಪಡಿಸಿದ ಒಂದು ಹಾಳೆಯನ್ನು ಏಜೆಂಟ್ ಆರಂಭದಲ್ಲೇ ಕೊಡಬೇಕು. ತಾನು ಯಾರನ್ನು ಪ್ರತಿನಿಧಿಸಬಹುದು, ಪ್ರತಿಯೊಂದು ಸಂದರ್ಭದಲ್ಲೂ ತನ್ನ ಕರ್ತವ್ಯವೇನು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಎರಡೂ ಕಡೆಗೆ ಒಬ್ಬರೇ ಮಧ್ಯವರ್ತಿಯಾಗಬೇಕಾದರೆ ಇಬ್ಬರ ಲಿಖಿತ ಒಪ್ಪಿಗೆ ಬೇಕು. ಹಾಗೆ ಒಪ್ಪಿದ ಮೇಲೂ ಮಾರುವವರು ಎಷ್ಟಕ್ಕೆ ಇಳಿಯಬಲ್ಲರು, ಕೊಳ್ಳುವವರು ಎಷ್ಟಕ್ಕೆ ಏರಬಲ್ಲರು ಎಂಬುದನ್ನು ಅವರ ಲಿಖಿತ ಅನುಮತಿಯಿಲ್ಲದೆ ಆಚೆಯವರಿಗೆ ಹೇಳುವಂತಿಲ್ಲ. ಈ ಕೊನೆಯ ವಾಕ್ಯವನ್ನು ತಂಗಿ ಫೋನಿನಲ್ಲಿ ಓದಿದಾಗ ನನಗೆ ನಗು ಬಂತು. ನಮ್ಮಲ್ಲಿ ದಲ್ಲಾಳಿಯ ಮುಖ್ಯ ಕೆಲಸವೇ ಅದು. ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತೆಂದಲ್ಲ. ಕೊಳ್ಳುವವರ ಏಜೆಂಟಿನ ಕಮಿಷನ್ನೂ ಮಾರುವವರ ಕಡೆಯಿಂದಲೇ ಬರುತ್ತಿದ್ದ ಹಳೆಯ ಪದ್ಧತಿಯ ವಿರುದ್ಧ ಮನೆ ಮಾರಿದವರು ಮೊಕದ್ದಮೆ ಹೂಡಿ, 2023ರ ಅಕ್ಟೋಬರಿನಲ್ಲಿ ಕಾನ್ಸಾಸ್ ಸಿಟಿಯ ಜ್ಯೂರಿಯ ಮುಂದೆ ಗೆದ್ದರು. ಮುಂದಿನ ಮಾರ್ಚಿನಲ್ಲಿ ಅಲ್ಲಿನ ಏಜೆಂಟರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಾಲ್ಟರ್ಸ್ ಸಂಸ್ಥೆ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಆ ರಾಜಿಯ ಪ್ರಕಾರ 2024ರ ಆಗಸ್ಟ್ 17ರಿಂದ ಅಲ್ಲಿ ಕೊಳ್ಳುವವರು ಏಜೆಂಟಿನ ಜೊತೆ ಮನೆ ನೋಡಲು ಹೋಗುವ ಮೊದಲೇ ಸಂಭಾವನೆ ಎಷ್ಟೆಂದು ಬರೆದ ಒಪ್ಪಂದಕ್ಕೆ ಸಹಿ ಹಾಕಬೇಕಾಗಿದೆ. ಮನೆಯನ್ನೇ ನೋಡದೆ ಸಹಿ ಹಾಕಬೇಕೇ ಎಂದು ತಂಗಿ ಗೊಣಗಿದಳು. ನನಗೆ ಮಾತ್ರ ಅದು ಅಸೂಯೆಪಡುವ ವ್ಯವಸ್ಥೆಯಾಗಿ ಕಂಡಿತು.

ಅಲ್ಲಿನ ಕಾನೂನನ್ನು ಇಲ್ಲಿಗೆ ತರಲಾಗುವುದಿಲ್ಲ, ಆದರೆ ಅದರ ಹಿಂದಿನ ವಿಚಾರವನ್ನು ನಾವೇ ಪಾಲಿಸಬಹುದು. ದಲ್ಲಾಳಿಗೆ ಹೇಳಿದ್ದು ಮಾರುವವರಿಗೂ ಹೇಳಿದಂತೆಯೇ ಎಂದು ಭಾವಿಸಿ ಮಾತಾಡುವುದು ಅದರ ಮೊದಲ ಭಾಗ. ನಿಮ್ಮ ಬಜೆಟ್ ಕೇಳಿದರೆ ನಿಜವಾದ ಮಿತಿಯನ್ನು ಹೇಳಬೇಡಿ. ಬ್ಯಾಂಕ್ ಎಷ್ಟು ಸಾಲ ಮಂಜೂರು ಮಾಡಿದೆ ಎಂಬ ಪತ್ರವನ್ನು, "ಓನರ್‌ಗೆ ನಂಬಿಕೆ ಬರಲಿ ಅಂತ" ಎಂದು ಎಷ್ಟೇ ಒತ್ತಾಯಿಸಿದರೂ ತೋರಿಸಬೇಡಿ. ಊರಿನ ಜಮೀನು ಮಾರಿದ ಹಣ ಬಂದಿದೆ, ಮಕ್ಕಳ ಶಾಲೆ ಶುರುವಾಗುವುದರೊಳಗೆ ಮನೆ ಬದಲಿಸಬೇಕು, ಹೆಂಡತಿಗೆ ಈ ಮನೆಯೇ ಬೇಕಂತೆ ಎಂಬ ಮಾತುಗಳು ಚಹಾ ಕುಡಿಯುತ್ತಾ ಸಹಜವಾಗಿಯೇ ಹೊರಬರುತ್ತವೆ. ಒಳ್ಳೆಯ ದಲ್ಲಾಳಿ ಬಹಳ ಚೆನ್ನಾಗಿ ಕೇಳಿಸಿಕೊಳ್ಳುವವರೂ ಹೌದು. ನಾವಿಬ್ಬರೂ ಮನೆಯೊಳಗೆ ಇಷ್ಟವಾಯಿತು ಎಂಬುದನ್ನು ಮುಖದಲ್ಲಿ ತೋರಿಸಬಾರದೆಂದು ಮಾತಾಡಿಕೊಂಡೇ ಹೋಗುತ್ತಿದ್ದೆವು. ನಮ್ಮತ್ತೆ ಜೊತೆಗೆ ಬಂದ ದಿನ ಮಾತ್ರ ಅದು ನಡೆಯಲಿಲ್ಲ. "ದೇವರಮನೆ ಈಶಾನ್ಯಕ್ಕಿದೆ, ಎಷ್ಟು ಲಕ್ಷಣವಾಗಿದೆ ನೋಡು!" ಎಂದು ಅವರು ಗಟ್ಟಿಯಾಗಿ ಹೇಳಿಬಿಟ್ಟರು.

ಟೋಕನ್ ಅಡ್ವಾನ್ಸ್ ವಿಷಯದಲ್ಲಿ ದಲ್ಲಾಳಿಯ ಒತ್ತಡ ತುತ್ತತುದಿಗೆ ಮುಟ್ಟುತ್ತದೆ. "ಇನ್ನೊಂದು ಪಾರ್ಟಿ ರೆಡಿ ಇದೆ, ಸಂಜೆಯೊಳಗೆ ಐವತ್ತು ಸಾವಿರ ಕೊಟ್ಟುಬಿಡಿ" ಎಂಬುದು ಎಲ್ಲರೂ ಕೇಳಿದ ಮಾತೇ. ಟೋಕನ್ ಕೊಡುವುದಾದರೆ ಮಾಲೀಕರ ಹೆಸರಿಗೆ, ಬ್ಯಾಂಕ್ ಮೂಲಕ, ಮಾಲೀಕರನ್ನು ಮುಖತಃ ಕಂಡ ಮೇಲೆ ಮಾತ್ರ ಕೊಡಬೇಕು. ದಾಖಲೆಗಳಲ್ಲಿ ದೋಷ ಕಂಡರೆ ಹಣ ವಾಪಸ್ ಎಂದು ಎರಡು ಸಾಲು ಬರೆಸಿಕೊಳ್ಳಬೇಕು. ಬೆಲೆಯನ್ನು ಮಾಲೀಕರ ಬಾಯಿಂದಲೇ ಕೇಳುವ ಸಂದರ್ಭ ಇಲ್ಲಿ ತಾನಾಗಿ ಒದಗುತ್ತದೆ. ನೆಟ್ ರೇಟ್ ಇದ್ದರೆ ಹೊರಬೀಳುವುದೂ ಇಲ್ಲೇ. ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು ಎಂಬ ಪ್ರಸ್ತಾಪವನ್ನು ತರುವವರೂ ಸಾಮಾನ್ಯವಾಗಿ ದಲ್ಲಾಳಿಗಳೇ. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದ್ದು, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬುದನ್ನು ಅವರು ಮಾರುವವರಿಗೆ ತಿಳಿಸಿರುವುದಿಲ್ಲ. ಮಾರುವವರು ಅನಿವಾಸಿ ಭಾರತೀಯರೇ ಎಂಬುದನ್ನೂ ನಾವೇ ಕೇಳಿ ತಿಳಿಯಬೇಕು. ಭಾರತದಲ್ಲೇ ಇರುವವರಿಂದ ಐವತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಮನೆ ಕೊಂಡರೆ ಕೊಡುವ ಹಣದಲ್ಲಿ ಶೇಕಡಾ ಒಂದನ್ನು ಟಿಡಿಎಸ್ ಆಗಿ, ಅಂದರೆ ಮಾರುವವರ ತೆರಿಗೆಯಾಗಿ ಸರ್ಕಾರಕ್ಕೆ ಕಟ್ಟಲು, ಕಡಿತ ಮಾಡಿದರೆ ಸಾಕು. ಅನಿವಾಸಿಗಳಾದರೆ ಆ ನಿಯಮವೇ ಅನ್ವಯಿಸುವುದಿಲ್ಲ, ಕಡಿತ ಅದಕ್ಕಿಂತ ಬಹಳ ಹೆಚ್ಚು. ತಪ್ಪಿದರೆ ಹೊಣೆ ಕೊಂಡವರ ಮೇಲೆ ಬರುತ್ತದೆ, ದಲ್ಲಾಳಿಯ ಮೇಲಲ್ಲ.

ದಾಖಲೆಗಳ ಬಗ್ಗೆ "ಎಲ್ಲಾ ಕ್ಲಿಯರ್ ಇದೆ ಮೇಡಂ, ಬ್ಯಾಂಕ್ ಲೋನ್ ಆಗುತ್ತೆ" ಎಂದು ಹೇಳುವ ಅರ್ಹತೆ ದಲ್ಲಾಳಿಗಿಲ್ಲ. ಅವರೇ ಸೂಚಿಸುವ ವಕೀಲರನ್ನು ನಾವು ನಯವಾಗಿ ನಿರಾಕರಿಸಿದೆವು. ಆ ವಕೀಲರು ಅಪ್ರಾಮಾಣಿಕರೆಂದಲ್ಲ. ಮುಂದಿನ ತಿಂಗಳು ಮತ್ತೊಂದು ಫೈಲನ್ನು ಕಳಿಸಬೇಕಾದವರು ಆ ದಲ್ಲಾಳಿ, ನಾವಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇ.ಸಿ.ಯನ್ನು, ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯನ್ನು, ನಾವೇ ತೆಗೆದುಕೊಂಡೆವು. ಮೂಲ ಕ್ರಯಪತ್ರದಿಂದ ಹಿಡಿದು ವಿಭಾಗಪತ್ರ, ವಂಶವೃಕ್ಷ, ಖಾತಾ (ತೆರಿಗೆಗಾಗಿ ಪಾಲಿಕೆಯ ದಾಖಲೆಯಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ನಮೂದು), ತೆರಿಗೆ ರಸೀದಿಗಳವರೆಗೆ ಎಲ್ಲವನ್ನೂ ನಮಗೆ ಪರಿಚಯವಿದ್ದ ವಕೀಲರಿಗೆ ಒಪ್ಪಿಸಿದೆವು. ಪತ್ರದಲ್ಲಿದ್ದ ಚಕ್ಕುಬಂದಿಗೂ ಸ್ಥಳದಲ್ಲಿದ್ದ ಗೋಡೆಗೂ ಪೂರ್ವದಿಕ್ಕಿನಲ್ಲಿ ಎರಡಡಿ ವ್ಯತ್ಯಾಸವಿರುವುದು ಅವರ ಕಣ್ಣಿಗೆ ಬಿತ್ತು. ದಲ್ಲಾಳಿಯನ್ನು ಕೇಳಿದರೆ, "ಅದೆಲ್ಲಾ ಇದ್ದೇ ಇರುತ್ತೆ ಮೇಡಂ, ನಲವತ್ತು ವರ್ಷದಿಂದ ಯಾರೂ ಕೇಳಿಲ್ಲ" ಎಂದರು. ಕೊನೆಗೆ ಅಳತೆ ಮಾಡಿಸಿ, ಪಕ್ಕದ ಮನೆಯವರ ಒಪ್ಪಿಗೆ ಪಡೆದು, ಅಳತೆ ತಿದ್ದಿಕೊಂಡೇ ಕ್ರಯಪತ್ರವಾಯಿತು.

ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಆ ಪಕ್ಕದ ಮನೆಯವರನ್ನು ಒಪ್ಪಿಸಿದವರೂ ಅದೇ ದಲ್ಲಾಳಿಯೇ. ಇಪ್ಪತ್ತು ವರ್ಷಗಳಿಂದ ಆ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಅವರಿಗೆ ಯಾವ ಮನೆಯವರು ಯಾರ ಮಾತು ಕೇಳುತ್ತಾರೆ ಎಂಬುದು ಗೊತ್ತಿತ್ತು. ಕಾವೇರಿ ನೀರು ಯಾವ ದಿನ ಬರುತ್ತದೆ, ಮಳೆ ಬಂದರೆ ಯಾವ ಅಡ್ಡರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಯಾವ ಮನೆಯ ಅಣ್ಣತಮ್ಮಂದಿರ ನಡುವೆ ಕೋರ್ಟಿನಲ್ಲಿ ದಾವೆಯಿದೆ ಎಂಬುದನ್ನೆಲ್ಲ ಯಾವ ಜಾಲತಾಣವೂ ಹೇಳುವುದಿಲ್ಲ. ಮಾರುವವರೂ ನಾವೂ ಒಂದು ಲಕ್ಷದ ಮೇಲೆ ಹಟಹಿಡಿದು ಮಾತು ನಿಲ್ಲಿಸಿದ್ದಾಗ, ಇಬ್ಬರ ಮಾನವೂ ಉಳಿಯುವಂತೆ ಕಪಾಟು, ಗೀಸರ್, ಯುಪಿಎಸ್‌ಗಳನ್ನು ಬೆಲೆಯೊಳಗೇ ಸೇರಿಸಿ ಮುಗಿಸಿದ್ದು ಅವರ ಜಾಣತನ. ದಲ್ಲಾಳಿಯನ್ನು ಸಲಹೆಗಾರರೆಂದು ನಂಬಿದರೆ ತೊಂದರೆ. ಸ್ಥಳ ಬಲ್ಲವರು, ಸಂಧಾನ ಬಲ್ಲವರು ಎಂದು ಬಳಸಿಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಮಿಷನ್ ವಿಷಯವನ್ನು ನಾವು ಮನೆ ನೋಡುವ ಹಂತದಲ್ಲೇ ಬರವಣಿಗೆಗೆ ತಂದೆವು. ಒಂದೇ ಪುಟದ ಪತ್ರ. ಇಂಥ ಆಸ್ತಿಯನ್ನು ಇವರ ಮೂಲಕ ನೋಡಿದ್ದೇವೆ. ವ್ಯವಹಾರ ನೋಂದಣಿಯವರೆಗೆ ಮುಗಿದರೆ ಮಾತ್ರ ಬೆಲೆಯ ಶೇಕಡಾ ಒಂದನ್ನು ಕೊಡುತ್ತೇವೆ. ಮುಕ್ಕಾಲು ಪಾಲು ನೋಂದಣಿಯ ದಿನ, ಉಳಿದದ್ದು ಖಾತಾ ನಮ್ಮ ಹೆಸರಿಗೆ ಬಂದ ದಿನ. ಈ ಆಸ್ತಿಯಲ್ಲಿ ತಮಗೆ ಕರಾರು ಪತ್ರದ ಅಥವಾ ಹೆಚ್ಚುವರಿ ಬೆಲೆಯ ಪಾಲು ಇಲ್ಲವೆಂದು ದಲ್ಲಾಳಿ ತಿಳಿಸಿದ್ದಾರೆ. ಇದ್ದದ್ದು ಕಂಡುಬಂದರೆ ಕಮಿಷನ್ ಇಲ್ಲ. ಹಣವನ್ನು ಬ್ಯಾಂಕ್ ಮೂಲಕ ಕೊಡಲಾಗುವುದು. ಕೊನೆಯಿಂದ ಮೂರನೆಯ ಸಾಲನ್ನು ಓದಿ ಕೆಲವರು ಪತ್ರವನ್ನು ಮಡಚಿ ಹಿಂದಿರುಗಿಸಿದರು. ಒಬ್ಬರು ಸಿಟ್ಟಾಗಿ, "ಇಷ್ಟು ವರ್ಷದಲ್ಲಿ ಯಾರೂ ನನ್ನ ಹತ್ತಿರ ಸಹಿ ಕೇಳಿಲ್ಲ" ಎಂದರು. ಅಂಥವರ ಜೊತೆ ಮುಂದುವರಿಯದಿರುವುದು ನಮಗೆ ಸುಲಭವಾಯಿತು. ಜೆರಾಕ್ಸ್ ಅಂಗಡಿಯವರು ಮಾತ್ರ ಕನ್ನಡಕ ಏರಿಸಿ ಎರಡು ಸಲ ಓದಿ, ತಾವೂ ಒಂದು ಸಾಲು ಸೇರಿಸಬೇಕೆಂದರು: ಈ ಮನೆಯನ್ನು ಆರು ತಿಂಗಳೊಳಗೆ ನಾವಾಗಲಿ ನಮ್ಮ ಹತ್ತಿರದ ಸಂಬಂಧಿಗಳಾಗಲಿ ಅವರನ್ನು ಬಿಟ್ಟು ನೇರವಾಗಿ ಕೊಂಡರೂ ಕಮಿಷನ್ ಸಲ್ಲಬೇಕು.

ಅದು ಅತ್ಯಂತ ನ್ಯಾಯವಾದ ಬೇಡಿಕೆ. ದಲ್ಲಾಳಿಗಳ ಮೋಸದ ಕತೆಗಳನ್ನು ಎಲ್ಲರೂ ಹೇಳುತ್ತಾರೆ. ದಲ್ಲಾಳಿಗೆ ಆಗುವ ಮೋಸದ ಬಗ್ಗೆ ಮಾತಾಡುವವರು ಕಡಿಮೆ. ಮನೆ ತೋರಿಸಿದ ಮೇಲೆ ಮಾಲೀಕರ ಸಂಖ್ಯೆ ಹುಡುಕಿ, "ಬ್ರೋಕರ್ ಬೇಡ, ಇಬ್ಬರಿಗೂ ಉಳಿಯುತ್ತೆ" ಎಂದು ನೇರವಾಗಿ ಮುಗಿಸಿಕೊಳ್ಳುವ ಸುಶಿಕ್ಷಿತರನ್ನು ನಾನೇ ಬಲ್ಲೆ, ಅದನ್ನು ಜಾಣತನವೆಂದು ಊಟದ ಮೇಜಿನ ಮೇಲೆ ಹೇಳಿಕೊಳ್ಳುವುದನ್ನೂ ಕೇಳಿದ್ದೇನೆ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ತಮ್ಮದೇ ಪೆಟ್ರೋಲ್ ಸುಟ್ಟು ಗಿರಾಕಿಗಳನ್ನು ಸುತ್ತಿಸಿದ ಮನುಷ್ಯನಿಗೆ ನೋಂದಣಿ ಆದದ್ದೇ ಗೊತ್ತಾಗಿರುವುದಿಲ್ಲ. ಮಾಲೀಕರನ್ನು ಭೇಟಿ ಮಾಡಿಸಲು ದಲ್ಲಾಳಿಗಳು ಹಿಂಜರಿಯುವುದಕ್ಕೆ, ವಿಳಾಸವನ್ನು ಕೊನೆಯವರೆಗೂ ಮುಚ್ಚಿಡುವುದಕ್ಕೆ ಈ ಭಯವೂ ಕಾರಣ. ಎಲ್ಲ ಸಲವೂ ನೆಟ್ ರೇಟೇ ಇರಬೇಕೆಂದಿಲ್ಲ. ಆ ಒಂದು ಸಾಲು ಪತ್ರಕ್ಕೆ ಸೇರಿದ ಮರುದಿನವೇ ಅವರು ಮಾಲೀಕರ ಮನೆಗೆ ನಮ್ಮನ್ನು ಕರೆದೊಯ್ದು, ನಡುಮನೆಯಲ್ಲಿ ಕೂರಿಸಿ, "ಬೆಲೆ ನೀವೇ ಮಾತಾಡಿಕೊಳ್ಳಿ, ನಾನು ಹೊರಗಿರುತ್ತೇನೆ" ಎಂದು ಎದ್ದುಹೋದರು.

ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಅವರ ಖಾತೆಗೆ ಮುಕ್ಕಾಲು ಪಾಲು ಹಾಕಿದೆವು. ಖಾತಾ ವರ್ಗಾವಣೆ ಒಂದು ಆಕ್ಷೇಪಣೆಯ ಕಾರಣದಿಂದ ತಡವಾಯಿತು. ಉಳಿದ ಕಾಲು ಪಾಲು ನಮ್ಮ ಬಳಿಯೇ ಇದ್ದುದರಿಂದಲೋ ಅಥವಾ ಅವರ ಸ್ವಭಾವವೇ ಹಾಗೋ, ಅವರು ತಾವಾಗಿಯೇ ಕಚೇರಿಗೆ ಅಲೆದು ಅದನ್ನು ಮುಗಿಸಿಕೊಟ್ಟರು. ಬೆಸ್ಕಾಂ ಮೀಟರಿನ ಹೆಸರು ಬದಲಾವಣೆ ಪತ್ರದಲ್ಲಿ ಇರಲಿಲ್ಲ. ಅದಕ್ಕೆ ಬೇಕಾದ ಅರ್ಜಿಯನ್ನು ತಮ್ಮ ಅಂಗಡಿಯಲ್ಲೇ ತುಂಬಿಸಿಕೊಟ್ಟು, ಜೆರಾಕ್ಸಿನ ಹನ್ನೆರಡು ರೂಪಾಯಿಯನ್ನು ಮಾತ್ರ ಕೇಳಿ ಪಡೆದರು.